ನಮ್ಮೋರ ವಾರಂಟಿ

ಅರಸೀಕೆರೆಯಲ್ಲಿ ಹೊಸ ಕಾರು ತಂದವನನ್ನು ಜನ ಮೊದಲು ಕೇಳುವುದು "ಎಷ್ಟು ಬಿತ್ತು?" ಎಂದು. ಆಮೇಲೆ ಕೇಳುವುದು "ಲೀಟರಿಗೆ ಎಷ್ಟು ಕೊಡುತ್ತೆ?" ಎಂದು. ಶಿಕ್ಷಣ ಇಲಾಖೆಯ ಗುಮಾಸ್ತ ಉಮಾಶಂಕರ್ ಈ ಎರಡಕ್ಕೂ ಸೇರಿ ಒಂದೇ ಉತ್ತರ ಇಟ್ಟುಕೊಂಡಿದ್ದ: "ವಾರಂಟಿ ಇದೆ." ಕೇಳಿದವರು ಇದೇನೋ ತಮಗೆ ತಿಳಿಯದ ದೊಡ್ಡ ವಿಷಯವೆಂದು ತಲೆದೂಗಿ ಹೋಗುತ್ತಿದ್ದರು. ಉಮಾಶಂಕರನಿಗೂ ಅದರ ವಿಷಯ ಅವರಿಗಿಂತ ಹೆಚ್ಚೇನೂ ತಿಳಿದಿರಲಿಲ್ಲ. ಒಂದು ವರ್ಷದೊಳಗೆ ಕಾರಿಗೆ ಏನೇ ಆದರೂ ಕಂಪನಿಯವರೇ ರಿಪೇರಿ ಮಾಡಿಕೊಡುತ್ತಾರೆ, ಹೊರಗಿನವರು ಮುಟ್ಟಿದರೆ ಮಾಡಿಕೊಡುವುದಿಲ್ಲ ಎಂದು ಮಾರಿದವನು ಹೇಳಿದ್ದ. ಅಷ್ಟನ್ನು ಅವನು ಪಂಚಶೀಲದ ಜೊತೆ ಆರನೆಯದಾಗಿ ಸೇರಿಸಿಕೊಂಡಿದ್ದ.

ಕಾರು ಬಂದ ದಿನ ಬೀದಿಯ ಮಂದಿಯೆಲ್ಲ ಸುತ್ತ ನಿಂತು ನೋಡಿದರು. ಅಪ್ಪ ಗಂಗಯ್ಯ ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದ. ಕಣಕಟ್ಟೆಯ ಕಂಡವರ ತೋಟಗಳಲ್ಲಿ ಕಾಯಿ ಸುಲಿದು, ನಾರಿನ ಧೂಳು ಕುಡಿದು, ಅವನ ಎದೆಯೊಳಗೆ ಸದಾ ಒಂದು ಸುಂಯ್ ಎನ್ನುವ ಸದ್ದು ಮನೆಮಾಡಿತ್ತು. ಜನ ಕರಗಿದ ಮೇಲೆ ಮಗನನ್ನು ಹತ್ತಿರ ಕರೆದ.

"ಏನ್ಲಾ ಉಮ, ಕಣಕಟ್ಟೆಗೆ ಯಾವಾಗ ಹೋಗಾನ?"

"ಹೋಗೋಣ ಅಪ್ಪ. ಯಾರನ್ನ ನೋಡಬೇಕು ಅಲ್ಲಿ?"

"ಯಾರ್ನೂ ನೋಡಾದು ಬ್ಯಾಡ. ದೊಡ್ಡ ಬೀದೀಲಿ ಈ ತುದಿಯಿಂದ ಆ ತುದಿಗಂಟ ಒಂದ್ಸಲ ಹೋದ್ರೆ ಸಾಕು. ಇಳಿಯಾದೂ ಬ್ಯಾಡ."

ಉಮಾಶಂಕರನಿಗೆ ಅರ್ಥವಾಯಿತು. ಅವನು ಚಿಕ್ಕವನಿದ್ದಾಗ ಅಪ್ಪನ ಜೊತೆ ಆ ಬೀದಿಯಲ್ಲಿ ನಡೆದಿದ್ದ. ಬೀದಿ ಶುರುವಾಗುವ ಕಡೆ ಅಪ್ಪನ ಚಪ್ಪಲಿ ಕಾಲಿನಿಂದ ಕೈಗೆ ಬರುತ್ತಿತ್ತು, ಮುಗಿಯುವ ಕಡೆ ಕೈಯಿಂದ ಕಾಲಿಗೆ ಹೋಗುತ್ತಿತ್ತು. ಯಜಮಾನ ಜಯದೇವಪ್ಪನವರ ತಂದೆ ಜಗಲಿ ಮೇಲೆ ಕೂತಿದ್ದರೆ, ಅವರು ತಲೆಯೆತ್ತಿ ನೋಡುವವರೆಗೆ ಅಪ್ಪ ಓರೆಯಾಗಿ ನಿಂತು ಕೈ ಮುಗಿದುಕೊಂಡೇ ಇರುತ್ತಿದ್ದ. ಕೆಲವು ಸಲ ಅವರಿಗೆ ತಲೆಯೆತ್ತುವುದು ಮರೆತೇ ಹೋಗುತ್ತಿತ್ತು.

ಹಾಗಿದ್ದ ಮೇಲೆ ಮುಂದಿನ ಭಾನುವಾರವೇ ಹೊರಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೊರಡಬಹುದಿತ್ತು. ಆದರೆ ಕಾರಿಗೊಂದು ರೋಗವಿತ್ತು. ಮೂರನೇ ಗಿಯರಿಗೆ ಹಾಕಿದರೆ ಒಳಗೆ ಯಾರೋ ಹಲ್ಲು ಕಡಿದಂತೆ ಕಟಕಟ ಸದ್ದು. ಒಮ್ಮೊಮ್ಮೆ ಗಿಯರು ಅಲ್ಲೇ ಸಿಕ್ಕಿಕೊಂಡು ಕಾರು ದಾರಿಯ ನಡುವೆ ಮೊಂಡು ಹಿಡಿದು ನಿಲ್ಲುತ್ತಿತ್ತು. ಬೇರೆ ಎಲ್ಲಿ ನಿಂತರೂ ಕಾರು ಕೆಟ್ಟಿತು ಎನ್ನುತ್ತಾರೆ. ಕಣಕಟ್ಟೆಯ ದೊಡ್ಡ ಬೀದಿಯಲ್ಲಿ, ಜಯದೇವಪ್ಪನವರ ಜಗಲಿಯ ಮುಂದೆ ನಿಂತರೆ ಏನೆನ್ನುತ್ತಾರೆ? ತಳ್ಳುವುದಕ್ಕೆ ಯಾರನ್ನು ಕರೆಯುವುದು? ಕಾರು ಪೂರ್ತಿ ಸರಿಹೋಗದೆ ಅಪ್ಪನನ್ನು ಆ ಬೀದಿಗೆ ಕರೆದೊಯ್ಯುವುದಿಲ್ಲ ಎಂದು ಉಮಾಶಂಕರ್ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ.

ಪಕ್ಕದ ಮನೆಯ ಸಿದ್ದಬಸಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಸದ್ದಿನ ವಿಷಯದಲ್ಲಿ ತಮ್ಮ ಮಾತೇ ಕೊನೆ ಎಂದು ನಂಬಿದ್ದರು.

"ಕಪ್ಲಿಂಗ್ ಸಡ್ಲ ಆಗಿರೋ ಗೂಡ್ಸ್ ಗಾಡಿ ಹಂಗೆ ಕೂಗ್ತೈತಲ್ರೀ ನಿಮ್ಮ ಕಾರು! ಬಸ್ ಸ್ಟ್ಯಾಂಡ್ ಹಿಂದೆ ಗ್ಯಾರೇಜಿದೆ, ಒಂದ್ಸಲ ತೋರಿಸ್ಬಾರ್ದಾ?" ಎನ್ನುತ್ತ ಬಾನೆಟ್ಟಿನ ಮೇಲೆ ಕೈ ಇಟ್ಟರು.

"ಸಾರ್, ಕೈ ತೆಗೀರಿ! ವಾರಂಟಿ!" ಎಂದು ಉಮಾಶಂಕರ್ ಕೂಗಿಕೊಂಡ.

ಸಿದ್ದಬಸಪ್ಪನವರು ಕೆಂಡ ಮುಟ್ಟಿದವರಂತೆ ಕೈ ಎಳೆದುಕೊಂಡರು. ಸಂಜೆಯ ಹೊತ್ತಿಗೆ ಉಮಾಶಂಕರನ ಕಾರು ಮಡಿಯಲ್ಲಿದೆ, ಯಾರೂ ಮುಟ್ಟುವಂತಿಲ್ಲ ಎಂದು ಬೀದಿಯೆಲ್ಲ ಸುದ್ದಿ. ಇದನ್ನು ಕೇಳಿ ಗಂಗಯ್ಯನಿಗೆ ನಗು ಬಂದು, ನಗುವಿನಿಂದ ಕೆಮ್ಮು ಬಂದು, ಹೆಂಡತಿ ಮಾರಮ್ಮ ಬೆನ್ನು ನೀವಬೇಕಾಯಿತು.

"ನಮ್ಮನ್ನ ಮುಟ್ಬ್ಯಾಡ ಅಂತಿದ್ರು ಕಣೆ. ಈಗ ನನ್ ಮಗ ಅವ್ರಿಗೇ ಮುಟ್ಬ್ಯಾಡಿ ಅಂತಾವ್ನೆ" ಎಂದ.

ಸರಿ, ಕಂಪನಿಯ ಷೋರೂಮಿಗೇ ಹೋಗಬೇಕು. ಒಂದು ಹಾಸನದಲ್ಲಿತ್ತು, ಇನ್ನೊಂದು ತುಮಕೂರಿನಲ್ಲಿ. ಇವೆರಡರಲ್ಲಿ ನಂಬಿಕಸ್ಥರು ಯಾರು? ನಮ್ಮ ಸೀಮೆಯಲ್ಲಿ ಇದನ್ನು ಪತ್ತೆ ಮಾಡುವ ವಿಧಾನ ಒಂದೇ. ಆಸ್ಪತ್ರೆಯಾಗಲಿ, ಕೋರ್ಟಾಗಲಿ, ಮಕ್ಕಳನ್ನು ಸೇರಿಸುವ ಶಾಲೆಯಾಗಲಿ, ಒಳ್ಳೆಯದೇ ಕೆಟ್ಟದ್ದೇ ಎಂದು ಯಾರೂ ಕೇಳುವುದಿಲ್ಲ. "ಅಲ್ಲಿ ನಮ್ಮೋರು ಯಾರವ್ರೆ?" ಎಂದು ಕೇಳುತ್ತಾರೆ. ಈ ವಿದ್ಯೆಯಲ್ಲಿ ಪಾರಂಗತನೆಂದರೆ ಹಳೇಬೀಡಿನಲ್ಲಿ ಮೇಷ್ಟರಾಗಿದ್ದ ಉಮಾಶಂಕರನ ಷಡ್ಡಕ ದೇವೀರಪ್ಪ. ರಾಜ್ಯದ ಯಾವ ಕಚೇರಿಯ ಹೆಸರು ಹೇಳಿದರೂ ಅದರೊಳಗೆ ಕೂತಿರುವ ಒಬ್ಬ ನೆಂಟನನ್ನು ಅವನು ಹೆಕ್ಕಿ ತೆಗೆಯಬಲ್ಲ.

"ತುಮಕೂರಾ? ಅಲ್ಲಿ ನಮ್ಮೋರು ಒಬ್ಬ ನರಪಿಳ್ಳೆ ಇಲ್ಲ. ಗಿಯರ್ ಬಾಕ್ಸೇ ಬಿಚ್ಕೊಂಡು ಕಳಿಸ್ತಾರೆ ನಿಮ್ಮನ್ನ" ಎಂದ ದೇವೀರಪ್ಪ. "ಹಾಸನಕ್ಕೆ ಹೋಗಿ. ಸರ್ವೀಸ್ ಸೂಪರ್‌ವೈಸರ್ ಯಾರು ಗೊತ್ತೇನ್ರೀ? ನಮ್ಮ ಕಿರಣ್! ಬೇಲೂರಲ್ಲಿ ನಮ್ಮ ತಂಗಿ ಇಲ್ವಾ, ಅವಳ ಮಗ. ಹೊರಗಿನೋರ ಥರ ಹೋಗಿ ಲೈನಲ್ಲಿ ನಿಂತ್ಕೋಬೇಡಿ ಮತ್ತೆ. ನಮ್ಮ ಮರ್ಯಾದೆ ಪ್ರಶ್ನೆ."

ಮರ್ಯಾದೆ ಪ್ರಶ್ನೆಯಾದ್ದರಿಂದ ಉಮಾಶಂಕರ್ ಒಂದು ಮೂಟೆ ತೆಂಗಿನಕಾಯಿ ಹಾಕಿಕೊಂಡು ಹಾಸನಕ್ಕೆ ಹೋದ. ಕಿರಣ್ ಬಾಯಿ ತುಂಬ ಮಾವ ಎಂದ, ಕಾಫಿ ತರಿಸಿದ, ಕಾಯಿ ಇಳಿಸಿಕೊಂಡ. ಅತ್ತ ಗಾಜಿನ ಕಟಕಟೆಯ ಹಿಂದೆ ಒಬ್ಬ ಹುಡುಗಿ ಬಂದ ಕಾರುಗಳ ನಂಬರನ್ನೆಲ್ಲ ಬರೆದುಕೊಂಡು ಚೀಟಿ ಕೊಡುತ್ತಿದ್ದಳು. ಉಮಾಶಂಕರ್ ಅತ್ತ ಹೆಜ್ಜೆ ಇಟ್ಟ.

"ಅಯ್ಯೋ ಮಾವ, ಚೀಟಿ ಗೀಟಿ ಎಲ್ಲ ಹೊರಗಿನೋರಿಗೆ" ಎಂದು ಕಿರಣ್ ಅವನ ತೋಳು ಹಿಡಿದ. "ಬರೆಸಿದ್ರೆ ಹತ್ತು ಜನ ಆದ್ಮೇಲೆ ನಿಮ್ಮ ಸರದಿ. ಕೀ ಕೊಟ್ಟು ಹೋಗಿ. ನಾನಿಲ್ವಾ?"

ತೋಳು ಹಿಡಿದ ನೆಂಟನಿಂದ ಚೀಟಿ ಕೇಳುವುದು ಹೇಗೆ? ಮದುವೆ ಮನೆಯಲ್ಲಿ ಬಡಿಸಿದ ಮೇಲೆ ಅಕ್ಕಿ ಎಷ್ಟು ಸೇರು ಹಾಕಿದಿರಿ ಎಂದು ಕೇಳಿದ ಹಾಗೆ. ಉಮಾಶಂಕರ್ ಕೀ ಕೊಟ್ಟು ಬಸ್ಸಿನಲ್ಲಿ ಊರಿಗೆ ಬಂದ. ನಮ್ಮೋರ ಕೈಗೆ ಸೇರಿತಲ್ಲ ಎಂದು ಅವತ್ತು ಅವನಿಗೆ ಗಾಢ ನಿದ್ದೆ ಬಂತು.

ಒಂದು ವಾರ ಹೋಯಿತು, ಎರಡಾಯಿತು. ಫೋನು ಮಾಡಿದರೆ "ಟ್ರಯಲ್ ನೋಡ್ತಾ ಇದೀನಿ ಮಾವ" ಎನ್ನುತ್ತಿದ್ದ ಕಿರಣ್. ಮೂರನೇ ಸೋಮವಾರ ಕಚೇರಿಯ ಜವಾನ ಗಿಡ್ಡಯ್ಯ ಫೈಲು ತಂದಿಟ್ಟು, ಹೋಗದೆ ಅಲ್ಲೇ ನಿಂತ.

"ಸಾರ್, ನಿಮ್ಮ ಕಾರಿಗೆ ಮದುವೆ ಏನಾದ್ರೂ ಆಯ್ತಾ?"

"ಏನಯ್ಯ ಹಂಗಂದ್ರೆ?"

"ನಿನ್ನೆ ಹುಲಿಕೆರೆಗೆ ಹೋಗಿದ್ದೆ. ಕೊಳದ ಹತ್ರ ನಿಮ್ಮ ಕಾರು ನಿಂತಿತ್ತು. ಮೈತುಂಬಾ ಹೂವ. ಹೆಣ್ಣು ಗಂಡು ಬಾನೆಟ್ ಮೇಲೆ ಕೂತ್ಕಂಡು ಫೋಟೋ ತೆಗೆಸ್ಕತಾ ಇದ್ರು. ನಂಬರ್ ನೋಡ್ದೆ, ನಿಮ್ದೇ. ನೀವು ಮುಟ್ಟಾಕೆ ಬಿಡಾಕಿಲ್ಲ ಅಂತಿದ್ರಲ್ಲ, ಅದ್ಕೆ ಕೇಳ್ದೆ."

ಉಮಾಶಂಕರ್ ಎದ್ದು ಎಸ್‌ಟಿಡಿ ಬೂತಿಗೆ ಓಡಿದ. ಕಿರಣ್ ಒಂಚೂರೂ ಗಾಬರಿಯಾಗಲಿಲ್ಲ. "ಲೋಡ್ ಹಾಕಿ ಓಡಿಸ್ದೆ ಗಿಯರ್ ಸರಿಹೋಯ್ತೋ ಇಲ್ವೋ ಹೆಂಗೆ ಗೊತ್ತಾಗುತ್ತೆ ಮಾವ? ಮದುವೆ ಲೋಡ್‌ಗಿಂತ ದೊಡ್ಡ ಲೋಡ್ ಯಾವುದಿದೆ?" ಎಂದ. ಉಮಾಶಂಕರನಿಗೆ ಇದು ತರ್ಕಬದ್ಧವಾಗಿಯೇ ಕಂಡಿತು. ಆದರೂ ಮನಸ್ಸು ತಡೆಯದೆ ದೇವೀರಪ್ಪನಿಗೆ ಫೋನು ಮಾಡಿ ಒಂದು ಮಾತು ಹೇಳಿದ.

"ನಂಬಿಕೆ ಇಲ್ಲ ಅಂದ್ಮೇಲೆ ನಮ್ಮ ಹುಡುಗನ ಹತ್ರ ಯಾಕ್ರೀ ಬಿಟ್ರಿ?" ಎಂದ ದೇವೀರಪ್ಪ. ಸಂಜೆ ಉಮಾಶಂಕರನ ಹೆಂಡತಿಗೆ ಅವಳ ಅಕ್ಕನಿಂದ ಫೋನು ಬಂತು, ಎರಡು ದಿನ ಮನೆಯಲ್ಲಿ ಉಪ್ಪಿಲ್ಲದ ಸಾರು ಆಯಿತು.

ಕಾರು ವಾಪಸ್ಸು ಬಂದಾಗ ಸೀಟಿನ ಸಂದಿಯಲ್ಲಿ ಅಕ್ಷತೆ ಇತ್ತು, ಬಾಗಿಲಿಗೆ ಅರಿಶಿನದ ಕೈಗುರುತಿತ್ತು, ಕಟಕಟ ಸದ್ದು ಹಾಗೆಯೇ ಇತ್ತು. ಉಮಾಶಂಕರ್ ಇನ್ನೊಂದು ಮೂಟೆ ಕಾಯಿಯೊಂದಿಗೆ ಮತ್ತೆ ಹಾಸನಕ್ಕೆ ಹೋದ. ಕಾರು ಮತ್ತೆ ಬೇಲೂರಿನ ಕಡೆ ಟ್ರಯಲ್ಲಿಗೆ ಹೋಯಿತು, ಮತ್ತೆ ಬಂತು. ಹೀಗೆ ಹೋಗುತ್ತ ಬರುತ್ತ ಮಳೆಗಾಲ ಕಳೆದು ರಾಗಿ ಕಟಾವಾಯಿತು. ಬೇಲೂರು ಸೀಮೆಯ ಎಷ್ಟೋ ಜನ ಆ ಕಾರಿನಲ್ಲಿ ಕೂತರು. ಗಂಗಯ್ಯ ಮಾತ್ರ ಒಂದು ದಿನವೂ ಕೂರಲಿಲ್ಲ.

ಅವನು ಮೆಟ್ಟಿಲಿನಿಂದ ಮಂಚಕ್ಕೆ ಬಂದಿದ್ದ. ಮಗ ಕಚೇರಿಯಿಂದ ಬಂದ ಕೂಡಲೇ ಕೇಳುತ್ತಿದ್ದ, "ಕಾರು ಸರೋಯ್ತೇನ್ಲಾ?"

"ಇನ್ನೊಂದು ಸರ್ವೀಸ್ ಆಗ್ಲಿ ಅಪ್ಪ. ನಮ್ಮೋರೇ ಇದಾರೆ."

ಮಾರಮ್ಮ ತಡೆಯಲಾರದೆ ಹೇಳಿದಳು, "ಅದ್ಯಾವ ಸರ್ವೀಸೋ! ಬಸ್ಸಲ್ಲಿ ಕರ್ಕಂಡು ಹೋಗಿ ಬಾರಪ್ಪ. ಅದೇ ಬೀದೀಲಿ ತಾನೆ ಬಸ್ಸು ಹೋಗಾದು?"

"ಬಸ್ಸು ಎಲ್ಲಾರ್ದೂವೆ ಕಣೆ" ಎಂದು ಗಂಗಯ್ಯ ಗೋಡೆಯ ಕಡೆ ತಿರುಗಿ ಮಲಗಿದ.

ವಾರಂಟಿಯ ವರ್ಷ ಮುಗಿಯುವುದಕ್ಕೆ ಸ್ವಲ್ಪ ದಿನ ಇರುವಾಗ ಮೂರನೇ ಗಿಯರು ಪೂರ್ತಿ ಸತ್ತಿತು, ಅದರ ಹಿಂದೆಯೇ ನಾಲ್ಕನೆಯದೂ ಹೋಯಿತು. ಅದೇ ವಾರ ಹಾಸನದ ದೊಡ್ಡ ಡಾಕ್ಟರು ಗಂಗಯ್ಯನ ಎದೆಯ ಚಿತ್ರ ನೋಡಿ, ಉಮಾಶಂಕರನನ್ನು ಹೊರಗೆ ಕರೆದು, ಇನ್ನು ಆಸ್ಪತ್ರೆಯಲ್ಲಿ ಮಾಡುವುದೇನೂ ಇಲ್ಲ, ಮನೆಯಲ್ಲಿ ಅವರಿಗೆ ಇಷ್ಟವಾದದ್ದು ಮಾಡಿ ಎಂದರು. ಅಪ್ಪನಿಗೆ ಇಷ್ಟವಾದದ್ದು ಒಂದೇ. ಉಮಾಶಂಕರ್ ಮಾರನೆಯ ಬೆಳಿಗ್ಗೆ ಎರಡನೇ ಗಿಯರಿನಲ್ಲೇ ಕಾರನ್ನು ಹಾಸನದವರೆಗೆ ನರಳಿಸಿಕೊಂಡು ಹೋಗಿ, ಮೊದಲ ಸಲ ಕಿರಣನನ್ನು ದಾಟಿ ನೇರವಾಗಿ ಮ್ಯಾನೇಜರ ಮುಂದೆ ಕೂತ.

ಮ್ಯಾನೇಜರು ಸಭ್ಯ ಮನುಷ್ಯ. ಕಂಪ್ಯೂಟರಿನಲ್ಲಿ ನಂಬರು ಹೊಡೆದು ನೋಡಿದರು, ಇನ್ನೊಮ್ಮೆ ಹೊಡೆದು ನೋಡಿದರು.

"ನಿಮ್ಮ ಕಾರು ನಮ್ಮಲ್ಲಿಗೆ ಒಂದು ಸಲವೂ ಬಂದಿಲ್ಲವಲ್ಲ ಸಾರ್. ಒಂದು ಸರ್ವೀಸೂ ಆಗಿಲ್ಲ. ಹಾಗಿದ್ದಾಗ ವಾರಂಟಿ ಇರೋದಿಲ್ಲ."

"ಇಲ್ಲೇ ಇತ್ತು ಸಾರ್! ತಿಂಗಳುಗಟ್ಟಲೆ ಇಲ್ಲೇ ಇತ್ತು. ಬೇಕಾದರೆ ಕಿರಣ್ ಅವರನ್ನ ಕೇಳಿ."

ಕಿರಣನನ್ನು ಕರೆಸಿದರು. ಅವನು ಬಾಗಿಲಲ್ಲಿ ನಿಂತು ಉಮಾಶಂಕರನನ್ನು ನೋಡಿದ. ರಿಪೇರಿಗೆ ಬಂದ ಕಾರನ್ನು ಕಂಪನಿಯ ಲೆಕ್ಕಕ್ಕೆ ಬರೆಸದೆ ಮದುವೆಗಳಿಗೆ ಓಡಿಸಿದ ವಿಷಯ ಹೊರಬಿದ್ದರೆ ಅವನ ಕೆಲಸ ಅವತ್ತೇ ಹೋಗುತ್ತಿತ್ತು. ಹುಡುಗನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು.

"ಯಾರು ಸಾರ್ ಇವರು?" ಎಂದ.

"ನಿಮಗೆ ಇವರ ಪರಿಚಯ ಇದೆಯಾ ಸಾರ್?" ಮ್ಯಾನೇಜರು ಉಮಾಶಂಕರನನ್ನು ಕೇಳಿದರು.

ಇದೇ ಹೊತ್ತು. ಹೌದು ಎಂದರೆ ಗಿಯರ್ ಬಾಕ್ಸ್ ಬರುವ ಸಂಭವ ಇತ್ತು. ಆದರೆ ಉಮಾಶಂಕರನ ಕಣ್ಣ ಮುಂದೆ ದೇವೀರಪ್ಪ ಬಂದ, ಹೆಂಡತಿಯ ಅಕ್ಕ ಬಂದಳು, ಮುಂದಿನ ಎಲ್ಲ ಹಬ್ಬಗಳ ಉಪ್ಪಿಲ್ಲದ ಸಾರು ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮೋರ ಹುಡುಗನೊಬ್ಬ ಓದಿ ಸೂಪರ್‌ವೈಸರ್ ಆಗಿದ್ದಾನಲ್ಲ, ಅದನ್ನು ನನ್ನ ಬಾಯಿಂದಲೇ ಕಳೆಯಲೇ ಎನಿಸಿತು.

"ಇಲ್ಲ ಸಾರ್. ಬೇರೆ ಯಾರೋ ಅಂದ್ಕೊಂಡೆ" ಎಂದು ಎದ್ದ.

ಹೊರಗೆ ಕಿರಣ್ ಓಡಿ ಬಂದು "ಮಾವ" ಎಂದ. ಉಮಾಶಂಕರ್ ತಿರುಗಿ ನೋಡದೆ ಕಾರು ಹತ್ತಿದ. ಅರಸೀಕೆರೆ ಮುಟ್ಟುವವರೆಗೂ ಅವನು ತನ್ನನ್ನೇ ಬೈದುಕೊಂಡ. ಬೇರೆ ಯಾರನ್ನು ಬೈದರೂ ಅವರು ನಮ್ಮೋರೇ ಆಗಿದ್ದರು.

ಮನೆಗೆ ಬಂದಾಗ ಗಂಗಯ್ಯ ಎದ್ದು ಕೂತಿದ್ದ. ಮಾರಮ್ಮ ಅವನಿಗೆ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದಳು. ಡಾಕ್ಟರು ಹೇಳಿದ್ದನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಸರೋಯ್ತೇನ್ಲಾ?"

"ಸರಿಹೋಯ್ತು ಅಪ್ಪ. ಹೋಗೋಣ" ಎಂದ ಉಮಾಶಂಕರ್. ತಂದೆಗೆ ಅವನು ಹೇಳಿದ ಸುಳ್ಳುಗಳಲ್ಲಿ ಇದೇ ದೊಡ್ಡದು.

ಸಿದ್ದಬಸಪ್ಪನವರೂ ಕೈ ಹಚ್ಚಿ ಗಂಗಯ್ಯನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಎರಡೂ ಪಕ್ಕಕ್ಕೆ ದಿಂಬು ಕೊಟ್ಟು, ಬೆಲ್ಟು ಹಾಕಿದರು. ಈ ಸಲ ಅವರು ಕಾರನ್ನು ಎಲ್ಲೆಲ್ಲಿ ಮುಟ್ಟಿದರೂ ಉಮಾಶಂಕರ್ ಏನೂ ಹೇಳಲಿಲ್ಲ. ಮಾರಮ್ಮ ಹಿಂದೆ ಕೂತಳು. ಸಿದ್ದಬಸಪ್ಪನವರು ಅಭ್ಯಾಸಬಲದಿಂದ ಹಸಿರು ನಿಶಾನೆ ತೋರಿಸುವವರ ಹಾಗೆ ಟವೆಲ್ ಬೀಸಿದರು.

ಎತ್ತಿನಗಾಡಿಗಿಂತ ಸ್ವಲ್ಪ ಜೋರಾಗಿ, ಟ್ರಾಕ್ಟರಿಗಿಂತ ಸ್ವಲ್ಪ ನಿಧಾನವಾಗಿ ಕಾರು ಹೋಯಿತು. ಗಂಗಯ್ಯ ತೋಟಗಳನ್ನು ನೋಡುತ್ತ, ಇದು ನಾನು ಕಾಯಿ ಕಿತ್ತಿದ್ದು, ಇದು ನಾನು ಗುಂಡಿ ತೆಗೆದಿದ್ದು ಎಂದು ಉಸಿರು ಸಾಲುವಷ್ಟು ಹೇಳುತ್ತ ಬಂದ. ಕಣಕಟ್ಟೆಯ ಕೆರೆ ಏರಿ ಕಂಡಿತು, ಅದರಾಚೆ ದೊಡ್ಡ ಬೀದಿ. ಅಲ್ಲಿಗೆ ಸರಿಯಾಗಿ ಒಳಗೆ ಏನೋ ಮುರಿದ ಸದ್ದಾಗಿ ಕಾರು ನಿಂತುಬಿಟ್ಟಿತು. ಉಮಾಶಂಕರ್ ಏನೇನೋ ತಿರುಗಿಸಿದ, ಏನೇನೋ ಒತ್ತಿದ. ಆಮೇಲೆ ಸ್ಟೀರಿಂಗಿಗೆ ಹಣೆ ಇಟ್ಟು ಅತ್ತುಬಿಟ್ಟ.

"ಯಾಕ್ಲಾ ಅಳ್ತೀಯಾ, ಹಿಂದೆ ಟ್ರಾಕ್ಟ್ರು ಬತ್ತೈತೆ ನೋಡು" ಎಂದ ಗಂಗಯ್ಯ.

ಬಂದದ್ದು ಜವರಪ್ಪ, ಜಯದೇವಪ್ಪನವರ ಟ್ರಾಕ್ಟರಿನ ಡ್ರೈವರು. ಇಳಿದು, ಕಾರನ್ನು ಸುತ್ತು ಹಾಕಿ ನೋಡಿ, ಹಗ್ಗ ತೆಗೆದ. "ಊರೊಳಗಿನ ತನಕ ಎಳ್ಕಂಡು ಹೋಯ್ತೀನಿ ಸಾಮಿ. ನಿಲ್ಲಿಸ್ಬೇಕು ಅಂದ್ರೆ ಹಾರನ್ ಹೊಡೀರಿ" ಎಂದ.

ಉಮಾಶಂಕರನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಯಾರ ಮುಂದೆ ನಿಲ್ಲಬಾರದು ಎಂದು ವರ್ಷವೆಲ್ಲ ಒದ್ದಾಡಿದ್ದನೋ ಅವರದೇ ಟ್ರಾಕ್ಟರು. "ಬೇಡ ಅಪ್ಪ. ವಾಪಸ್ ಹೋಗಿಬಿಡೋಣ" ಎಂದ.

"ಯಾರ್ದು ಟ್ರಾಕ್ಟ್ರು?" ಗಂಗಯ್ಯ ಕೇಳಿದ.

"ಜಯದೇವಪ್ಪೋರ್ದು" ಎಂದ ಜವರಪ್ಪ.

ಗಂಗಯ್ಯನ ಮುಖ ಅರಳಿತು. "ಕಟ್ಟು ಅನ್ಲಾ. ಅವರಪ್ಪನ ಗಾಡಿ ಕೆಸರಲ್ಲಿ ಹೂತಾಗೆಲ್ಲ ನಾನು ಹೆಗಲು ಕೊಟ್ಟಿವ್ನಿ. ಇವತ್ತು ಅವ್ರು ಕೊಡ್ಲಿ. ಕಟ್ಟು, ಕಟ್ಟು." ನಗು ಬಂತು, ಹಿಂದೆಯೇ ಕೆಮ್ಮು ಬಂತು. ಮಾರಮ್ಮ ಹಿಂದಿನಿಂದ ಕೈ ಚಾಚಿ ಬೆನ್ನು ನೀವಿದಳು. ಕೆಮ್ಮು ನಿಂತಿತು.

ಟ್ರಾಕ್ಟರು ಹೊರಟಿತು, ಹಗ್ಗ ಬಿಗಿಯಾಯಿತು, ಕಾರು ಏರಿಯ ಮೇಲೆ ಸದ್ದಿಲ್ಲದೆ ಉರುಳಿತು. ಏರಿ ಇಳಿಯುವ ಕಡೆ ಒಂದು ಗುಂಡಿ ಸಿಕ್ಕಿ ಗಂಗಯ್ಯನ ಕೈ ತೊಡೆಯಿಂದ ಜಾರಿ ಗಿಯರಿನ ಮೇಲೆ ಬಿತ್ತು. ಉಮಾಶಂಕರ್ ಅದನ್ನೆತ್ತಿ ಮತ್ತೆ ತೊಡೆಯ ಮೇಲಿಟ್ಟ. ಇಟ್ಟ ಕೈ ಇಟ್ಟಂತೆಯೇ ಇತ್ತು. ಎಂಜಿನ್ ಸತ್ತಿದ್ದರಿಂದ ಕಾರಿನೊಳಗೆ ಬೇರೆ ಸದ್ದಿರಲಿಲ್ಲ. ಎದೆಯ ಸುಂಯ್ ಸದ್ದೂ ಇರಲಿಲ್ಲ.

"ಅಪ್ಪ" ಎಂದ ಮೆಲ್ಲಗೆ. ಗಂಗಯ್ಯ ದಿಂಬುಗಳ ನಡುವೆ ನೆಟ್ಟಗೆ ಕೂತು, ಅರೆತೆರೆದ ಕಣ್ಣಿನಿಂದ ಮುಂದಿನ ಬೀದಿಯನ್ನೇ ನೋಡುತ್ತಿದ್ದ.

ಉಮಾಶಂಕರನ ಕೈ ಹಾರನ್ ಮೇಲೆ ಹೋಯಿತು. ಒತ್ತಿದರೆ ಜವರಪ್ಪ ನಿಲ್ಲಿಸುತ್ತಾನೆ, ಜನ ಸೇರುತ್ತಾರೆ, ಅವ್ವ ಎದೆ ಬಡಿದುಕೊಳ್ಳುತ್ತಾಳೆ, ಅಪ್ಪ ಬೀದಿಯ ಈಚೆಗೇ ಉಳಿದುಹೋಗುತ್ತಾನೆ. ಜೀವಮಾನದಲ್ಲಿ ಒಂದು ಪೆನ್ಸಿಲ್ ಕೊಳ್ಳುವುದಕ್ಕೂ ನಾಲ್ಕು ಜನರನ್ನು ಕೇಳುತ್ತಿದ್ದ ಉಮಾಶಂಕರ್ ಅವತ್ತು ಯಾರನ್ನೂ ಕೇಳಲಿಲ್ಲ. ಕೈ ತೆಗೆದು ಸ್ಟೀರಿಂಗ್ ಹಿಡಿದ.

ದೊಡ್ಡ ಬೀದಿ ಬಂತು. ಟ್ರಾಕ್ಟರಿನ ಸದ್ದಿಗೆ ಜನ ಬಾಗಿಲಿಗೆ ಬಂದರು. "ಗಂಗಯ್ಯ ಕಣ್ರೋ! ಮಗನ ಕಾರು!" ಎಂದು ಒಬ್ಬ ಕೂಗಿದ. ಹೋಟೆಲಿನವನು ಕೈ ಎತ್ತಿದ, ಹಳೆಯ ಜೊತೆಗಾರನೊಬ್ಬ ಹಲ್ಲಿಲ್ಲದ ಬಾಯಲ್ಲಿ ನಕ್ಕು ಕೂಗಿ ಕರೆದ. ಗಂಗಯ್ಯ ಯಾರ ಕಡೆಗೂ ತಿರುಗಲಿಲ್ಲ. "ಕಾರು ಬಂದಿದ್ದೇ ಬಂದಿದ್ದು, ಜಂಬ ನೋಡು" ಎಂದಿತು ಒಂದು ಹೆಂಗಸಿನ ದನಿ.

ಜಗಲಿಯ ಮೇಲೆ ಜಯದೇವಪ್ಪನವರಿದ್ದರು. ಅವರಿಗೂ ವಯಸ್ಸಾಗಿತ್ತು. ತಮ್ಮ ಟ್ರಾಕ್ಟರಿನ ಹಿಂದೆ ಬರುತ್ತಿರುವುದೇನೆಂದು ಕಣ್ಣು ಕಿರಿದು ಮಾಡಿ ನೋಡಿ, ಕೋಲು ಊರಿಕೊಂಡು ಎದ್ದರು, ಮೆಟ್ಟಿಲಿಳಿದು ಬೀದಿಗೇ ಬಂದರು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದರು.

"ನಮಸ್ಕಾರ ಗಂಗಯ್ಯನೋರೆ. ಬಂದ್ರಾ ಊರಿಗೆ?"

ಕಾರು ಅವರ ಮುಂದೆ ನಿಧಾನವಾಗಿ ಹಾಯುತ್ತಿತ್ತು. ಮಾರಮ್ಮ ಗಾಬರಿಯಿಂದ ಮುಂದಿನ ಸೀಟಿಗೆ ಬಾಗಿದಳು.

"ಇಗಾ, ಜಯದೇವಪ್ಪೋರು ಕೈ ಮುಗೀತಾವ್ರೆ. ಇಳಿದು ಬಂದು ನಿಂತವ್ರೆ. ನೀವೂ ಕೈ ಮುಗೀರಿ. ಏನಂದ್ಕಂಡಾರು!"

"ಬ್ಯಾಡ ಬಿಡವ್ವ" ಎಂದ ಉಮಾಶಂಕರ್. ಅವನ ಕಣ್ಣಿಂದ ಧಾರಾಕಾರವಾಗಿ ನೀರಿಳಿಯುತ್ತಿತ್ತು. "ಅಪ್ಪ ಇನ್ನು ಯಾರಿಗೂ ಮುಗಿಯಾದು ಬ್ಯಾಡ."

ಬೀದಿಯ ಆ ತುದಿ ಬರುವವರೆಗೂ ಅವನು ಹಾರನ್ ಒತ್ತಲಿಲ್ಲ.